ಸಾಲಿನಲ್ಲಿ ಸಂದು ಬಿದ್ದರೆ: ಬಿತ್ತನೆ ಯಂತ್ರದ ದೋಷ ಹುಡುಕುವ ಬಗೆ

ಬಿತ್ತಿ ಎಂಟು ದಿನವಾಗಿದೆ. ಬದುವಿನ ಮೇಲೆ ನಿಂತು ನೋಡಿದರೆ ಎರಡು ಸಾಲು ಸೊಗಸಾಗಿ ಎದ್ದಿವೆ, ಮೂರನೆಯ ಸಾಲು ಮಾತ್ರ ಹಲ್ಲು ಮುರಿದ ಬಾಚಣಿಗೆಯ ಹಾಗಿದೆ. ಇಂಥ ಹೊತ್ತಿನಲ್ಲಿ ನಮ್ಮ ಕೈ ಮೊದಲು ಹೋಗುವುದು ಸ್ಪ್ಯಾನರಿಗೆ. ಪೆಟ್ಟಿಗೆ ಬಿಚ್ಚುತ್ತೇವೆ, ಚೈನು ಬಿಗಿ ಮಾಡುತ್ತೇವೆ, ಬೀಜ ಜಾಸ್ತಿ ಬೀಳಲಿ ಎಂದು ಲಿವರ್ ಏರಿಸುತ್ತೇವೆ. ಇಷ್ಟೆಲ್ಲ ಆದ ಮೇಲೆ ಮೊದಲೇ ಇದ್ದ ದೋಷ ಯಾವುದು, ನಾವೇ ಹೊಸದಾಗಿ ತಂದುಕೊಂಡದ್ದು ಯಾವುದು ಎಂಬುದೇ ತಿಳಿಯುವುದಿಲ್ಲ.

ನಾನು ಹೇಳುವುದು ಒಂದೇ. ಯಂತ್ರ ಮುಟ್ಟುವ ಮೊದಲು ಸಾಲು ನೋಡಿ. ಸಂದು ಒಂದೇ ಸಾಲಿನಲ್ಲಿದೆಯೋ ಎಲ್ಲದರಲ್ಲೂ ಇದೆಯೋ? ಎಷ್ಟು ದೂರಕ್ಕೊಮ್ಮೆ ಬಿದ್ದಿದೆ? ಇಷ್ಟು ಗೊತ್ತಾದರೆ ಯಂತ್ರದ ಯಾವ ಭಾಗ ಬಿಚ್ಚಬೇಕು ಎಂಬುದು ಹೊಲದಲ್ಲೇ ಗೊತ್ತಾಗುತ್ತದೆ. ಒಂದು ಅಳತೆ ಟೇಪು, ಒಂದು ಮೊನಚು ಕಡ್ಡಿ, ಬರೆದುಕೊಳ್ಳಲು ಒಂದು ಚೀಟಿ ಸಾಕು.

ಇಲ್ಲಿರುವುದು ಸಣ್ಣ ಹಿಡುವಳಿಯ ಯಂತ್ರಗಳ ಮಾತು. ಕೈಯಲ್ಲಿ ತಳ್ಳುವ ಒಂದು ಸಾಲಿನದು, ಎತ್ತೋ ಪವರ್ ಟಿಲ್ಲರೋ ಎಳೆಯುವ ಎರಡು ಮೂರು ಸಾಲಿನದು, ಸಣ್ಣ ಟ್ರ್ಯಾಕ್ಟರಿಗೆ ಕಟ್ಟುವ ಕೂರಿಗೆ, ಇವೆಲ್ಲ ಸೇರಿದವು. ನೋಡಲು ಬೇರೆ ಬೇರೆ, ಒಳಗಿನ ಕೆಲಸ ಹೆಚ್ಚುಕಮ್ಮಿ ಒಂದೇ. ನೆಲದ ಮೇಲೆ ಉರುಳುವ ಚಕ್ರ ಚೈನನ್ನು ತಿರುಗಿಸುತ್ತದೆ. ಚೈನು ಬೀಜದ ಪೆಟ್ಟಿಗೆಯ ತಳದಲ್ಲಿರುವ ತಟ್ಟೆಯನ್ನೋ ಉರುಳೆಯನ್ನೋ ತಿರುಗಿಸುತ್ತದೆ. ಅದು ಬೀಜ ಎತ್ತಿ ಪೈಪಿಗೆ ಹಾಕುತ್ತದೆ. ನೆಲ ಸೀಳುವ ತಾಳು ತೆಗೆದ ಸಾಲಿಗೆ ಬೀಜ ಬೀಳುತ್ತದೆ, ಮೇಲೆ ಮಣ್ಣು ಮುಚ್ಚಿಕೊಳ್ಳುತ್ತದೆ. ಯಂತ್ರದ ದೋಷವಾದರೆ ಈ ದಾರಿಯಲ್ಲೇ ಎಲ್ಲೋ ಒಂದು ಕಡೆ ಇರಬೇಕು.

ಮೊದಲು ಮಣ್ಣು ಕೆದಕಿ

ಸಂದು ಕಂಡ ಕಡೆ ಬೀಜವೇ ಬಿದ್ದಿಲ್ಲವೋ, ಬಿದ್ದೂ ಹುಟ್ಟಿಲ್ಲವೋ? ಇದನ್ನು ಮೊದಲು ತೀರ್ಮಾನ ಮಾಡಿಕೊಳ್ಳಬೇಕು. ನಾಲ್ಕೈದು ಸಂದುಗಳಲ್ಲಿ ಕಡ್ಡಿಯಿಂದ ಮೆಲ್ಲಗೆ ಕೆದಕಿ. ಬೀಜ ಸಿಕ್ಕರೆ ಅದನ್ನು ಅಂಗೈಯಲ್ಲಿಟ್ಟು ನೋಡಿ. ಗಟ್ಟಿಯಾಗಿ, ಹಾಕಿದಾಗ ಹೇಗಿತ್ತೋ ಹಾಗೇ ಇದ್ದರೆ ತೇವ ಸಿಕ್ಕಿಲ್ಲ, ಮೇಲೆಮೇಲೆ ಬಿದ್ದಿದೆ. ಮೊಳಕೆ ಬಂದು ಮಣ್ಣಿನೊಳಗೇ ಸುರುಳಿ ಸುತ್ತಿಕೊಂಡಿದ್ದರೆ ಆಳ ಜಾಸ್ತಿಯಾಗಿದೆ, ಇಲ್ಲವೆ ಮೇಲೆ ಮಣ್ಣು ಹೆಪ್ಪುಗಟ್ಟಿದೆ. ಎರಡು ಹೋಳಾಗಿದ್ದರೆ ಯಂತ್ರ ಒಡೆದಿದೆ. ಕೊಳೆತಿದ್ದರೆ ನೀರು ನಿಂತಿದೆ ಅಥವಾ ಬೀಜವೇ ಹಳೆಯದು. ಬೀಜದ ಬದಲು ಸಣ್ಣ ಗುಂಡಿ, ಸಿಪ್ಪೆ ಮಾತ್ರ ಕಂಡರೆ ಇಲಿಯೋ ಹಕ್ಕಿಯೋ ತಿಂದಿದೆ. ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ.

ಎಷ್ಟು ಕೆದಕಿದರೂ ಬೀಜವೇ ಇಲ್ಲ ಎಂದಾದರೆ ಮಾತ್ರ ಮುಂದಿನ ಹೆಜ್ಜೆ.

ಸಂದಿನ ಅಳತೆ ಹೇಳುವ ಸುದ್ದಿ

ಇದು ನನಗೆ ತುಂಬ ಪ್ರಯೋಜನಕ್ಕೆ ಬಂದ ವಿದ್ಯೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಲೆಕ್ಕ ಹಿಡಿಯೋಣ. ಯಂತ್ರದ ಚಕ್ರ 40 ಸೆಂ.ಮೀ. ವ್ಯಾಸದ್ದು. ಅದು ಒಂದು ಸುತ್ತು ಉರುಳಿದರೆ ಸುಮಾರು 1.25 ಮೀಟರ್ ಸಾಗುತ್ತದೆ. ಚಕ್ರದ ಕಡೆ ಚೈನು ಓಡುವ 10 ಹಲ್ಲಿನ ಸ್ಪ್ರಾಕೆಟ್, ತಟ್ಟೆಯ ಕಡೆ 20 ಹಲ್ಲಿನದು. ಅಂದರೆ ಚಕ್ರ ಎರಡು ಸುತ್ತು ತಿರುಗಿದಾಗ ತಟ್ಟೆ ಒಂದು ಸುತ್ತು. ತಟ್ಟೆಯಲ್ಲಿ ಬೀಜ ಕೂರುವ 10 ಗುಳಿ ಇದ್ದರೆ 2.5 ಮೀಟರಿಗೆ 10 ಬೀಜ, 25 ಸೆಂ.ಮೀ.ಗೆ ಒಂದು. ಮೆಕ್ಕೆಜೋಳಕ್ಕೆ ಒಪ್ಪುವ ಅಂತರ.

ಈಗ ಹೊಲಕ್ಕೆ ಬನ್ನಿ. ಒಂದೇ ಸಾಲಿನಲ್ಲಿ ಸಂದು ಬಿದ್ದಿದೆ. ಟೇಪು ಹಿಡಿದರೆ ಒಂದು ಸಂದಿನಿಂದ ಇನ್ನೊಂದಕ್ಕೆ ಹತ್ತಿರ ಹತ್ತಿರ 2.5 ಮೀಟರ್, ಅದರಿಂದ ಮುಂದಿನದಕ್ಕೂ 2.5 ಮೀಟರ್. ಇದು ತಟ್ಟೆಯ ಒಂದು ಸುತ್ತಿನ ದೂರ ಅಲ್ವಾ? ಹಾಗಾದರೆ ಆ ಸಾಲಿನ ತಟ್ಟೆಯಲ್ಲಿ ಒಂದು ಗುಳಿ ಕೆಲಸ ಮಾಡುತ್ತಿಲ್ಲ. ಒಡೆದ ಬೀಜದ ಚೂರು ಸಿಕ್ಕಿಕೊಂಡಿರಬಹುದು, ಬೀಜೋಪಚಾರದ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಹಚ್ಚುವ ಔಷಧಿಯ, ಪುಡಿ ಗಟ್ಟಿಯಾಗಿ ಕೂತಿರಬಹುದು, ಗುಳಿಯ ಅಂಚು ಮುರಿದಿರಬಹುದು. ಉಳಿದ ಸಾಲುಗಳ ಪೆಟ್ಟಿಗೆ ಬಿಚ್ಚುವ ಅಗತ್ಯವೇ ಇಲ್ಲ.

ಸಂದು 1.25 ಮೀಟರಿಗೊಮ್ಮೆ, ಅದೂ ಎಲ್ಲ ಸಾಲುಗಳಲ್ಲಿ ಒಂದೇ ನೇರಕ್ಕೆ ಬರುತ್ತಿದ್ದರೆ ಚಕ್ರವನ್ನು ನೋಡಿ. ರಿಮ್ಮು ಬಾಗಿದೆ, ಇಲ್ಲವೆ ನೆಲ ಕಚ್ಚುವ ಮುಳ್ಳು ಒಂದೆರಡು ಬಿದ್ದುಹೋಗಿವೆ. ಆ ಭಾಗ ನೆಲಕ್ಕೆ ಬಂದಾಗಲೆಲ್ಲ ಚಕ್ರ ಜಾರುತ್ತದೆ. ಸಂದು ಇನ್ನೂ ದೂರಕ್ಕೊಮ್ಮೆ, ಆದರೆ ಲೆಕ್ಕ ತಪ್ಪದೆ ಬರುತ್ತಿದ್ದರೆ ಚೈನಿನ ಕೊಂಡಿ ಎಣಿಸಿ. 40 ಕೊಂಡಿಯ ಚೈನು 10 ಹಲ್ಲಿನ ಸ್ಪ್ರಾಕೆಟ್ ಮೇಲೆ ಪೂರ್ತಿ ಒಂದು ಸಲ ಓಡಲು ಚಕ್ರ 4 ಸುತ್ತು ಹಾಕಬೇಕು, ಅಂದರೆ 5 ಮೀಟರ್. 5 ಮೀಟರಿಗೊಮ್ಮೆ ಎಡವಟ್ಟಾಗುತ್ತಿದ್ದರೆ ತುಕ್ಕು ಹಿಡಿದು ಬಾಗದ ಒಂದು ಕೊಂಡಿ ಹಲ್ಲಿನ ಮೇಲೆ ಹತ್ತಿ ಹಾರುತ್ತಿದೆ ಎಂದೇ ತಿಳಿಯಿರಿ.

ನಿಮ್ಮ ಯಂತ್ರದ ಅಳತೆ ಬೇರೆ ಇರುತ್ತದೆ. ಚಕ್ರದ ಸುತ್ತಳತೆ, ಎರಡೂ ಕಡೆಯ ಹಲ್ಲು, ತಟ್ಟೆಯ ಗುಳಿ, ಚೈನಿನ ಕೊಂಡಿ, ಈ ನಾಲ್ಕನ್ನು ಒಮ್ಮೆ ಎಣಿಸಿ ಪೆಟ್ಟಿಗೆಯ ಮುಚ್ಚಳದ ಒಳಗೆ ಬಣ್ಣದಲ್ಲಿ ಬರೆದಿಡಿ. ಹೊಲದಲ್ಲಿ ನಿಂತಾಗ ಹುಡುಕಾಡುವ ಕೆಲಸ ತಪ್ಪುತ್ತದೆ.

ಸಂದುಗಳಿಗೆ ಲೆಕ್ಕವೇ ಇಲ್ಲ, ಒಂದು ಕಡೆ ಒಂದು ಗೇಣು, ಇನ್ನೊಂದು ಕಡೆ ಮೂರು ಮಾರು ಎಂದಾದರೆ? ಆಗ ತಿರುಗುವ ಭಾಗಗಳನ್ನು ಸದ್ಯಕ್ಕೆ ಬಿಡಿ. ಬೀಜವೇ ಗುಳಿಗೆ ಸರಿಯಾಗಿ ಕೂರುತ್ತಿಲ್ಲ, ಇಲ್ಲವೆ ಪೆಟ್ಟಿಗೆಯಲ್ಲಿ ಬೀಜ ಕೆಳಗಿಳಿಯುತ್ತಿಲ್ಲ, ಇಲ್ಲವೆ ನೀವು ತುಂಬಾ ಜೋರಾಗಿ ಹೋಗುತ್ತಿದ್ದೀರಿ.

ಒಂದು ಸಾಲು ಪೂರ್ತಿ ಖಾಲಿ

ಒಂದು ಜಾಗದಿಂದ ಆಚೆಗೆ ಸಾಲು ಪೂರ್ತಿ ಖಾಲಿ ಎಂದರೆ ನೂರಕ್ಕೆ ತೊಂಬತ್ತು ಸಲ ಪೈಪು ಕಟ್ಟಿದೆ. ಸಾಲಿನ ತುದಿಯಲ್ಲಿ ತಿರುಗಿಸಿಕೊಳ್ಳುವಾಗ ತಾಳು ನೆಲದಲ್ಲಿದ್ದಂತೆಯೇ ಒಂದು ಹೆಜ್ಜೆ ಹಿಂದೆ ಬಂದಿರುತ್ತೇವೆ. ತಾಳಿನ ಹಿಂಬದಿಯ ಬಾಯಿಗೆ ಹಸಿ ಮಣ್ಣು ಬಿರಡೆ ಬಡಿದ ಹಾಗೆ ತುಂಬಿಕೊಳ್ಳುತ್ತದೆ. ಯಂತ್ರ ನಿಂತಿರುವಾಗಲೇ ದಢಕ್ಕನೆ ಕೆಳಗಿಳಿಸಿದರೂ ಇದೇ ಗತಿ. ಹಿಂದೆ ಬರುವಾಗ ಎತ್ತಿಯೇ ಬರಬೇಕು, ಇಳಿಸುವಾಗ ಮುಂದಕ್ಕೆ ಸಾಗುತ್ತಲೇ ಇಳಿಸಬೇಕು. ಇದೊಂದು ಅಭ್ಯಾಸ ಆದರೆ ಅರ್ಧ ತೊಂದರೆ ಕಮ್ಮಿ.

ಹೊಲದಲ್ಲಿ ಕಂಡುಹಿಡಿಯುವುದು ಸುಲಭ. ತಾಳು ಎತ್ತಿ, ಕೆಳಗೆ ಗೋಣಿಚೀಲ ಹಾಸಿ, ಚಕ್ರವನ್ನು ಕೈಯಲ್ಲಿ ನಾಲ್ಕು ಸುತ್ತು ತಿರುಗಿಸಿ. ಬೀಜ ಬೀಳದ ಪೈಪನ್ನು ಮೇಲಿನ ತುದಿಯಲ್ಲಿ ಬಿಚ್ಚಿ ಮತ್ತೆ ತಿರುಗಿಸಿ. ಮೇಲೆ ಬೀಜ ಬಂದರೆ ಪೈಪೋ ತಾಳೋ ಕಟ್ಟಿದೆ. ಮೇಲೂ ಬರದಿದ್ದರೆ ದೋಷ ಪೆಟ್ಟಿಗೆಯಲ್ಲಿದೆ. ತಟ್ಟೆ ತಿರುಗುತ್ತಿದೆಯೇ ನೋಡಿ. ತಟ್ಟೆಯನ್ನು ತಿರುಗಿಸುವ ದಂಡ ಮಾತ್ರ ತಿರುಗಿ ತಟ್ಟೆ ನಿಂತೇ ಇದ್ದರೆ ಎರಡನ್ನೂ ಸೇರಿಸುವ ಪಿನ್ನು ಮುರಿದಿದೆ. ಪಿನ್ನು ಮುರಿಯುವುದು ಒಳಗೆ ಏನೋ ಸಿಕ್ಕಿಹಾಕಿಕೊಂಡಾಗ. ಕಲ್ಲೋ ಕಡ್ಡಿಯೋ ಹುಡುಕಿ ತೆಗೆಯದೆ ಹೊಸ ಪಿನ್ನು ಹಾಕಿದರೆ ಅದೂ ಮುರಿಯುತ್ತದೆ. ಪಿನ್ನಿನ ಬದಲು ಗಟ್ಟಿ ಮೊಳೆ ಹೊಡೆಯುವವರನ್ನು ನೋಡಿದ್ದೇನೆ. ಆಗ ಮೊಳೆ ಉಳಿಯುತ್ತದೆ, ತಟ್ಟೆ ಒಡೆಯುತ್ತದೆ.

ಒಂದು ವರ್ಷ ನನ್ನ ಯಂತ್ರದಲ್ಲಿ ಇದೇ ಆಯಿತು. ಮೊದಲ ದಿನವೇ ಎಡಗಡೆಯ ಸಾಲಿಗೆ ಬೀಜವಿಲ್ಲ. ತಾಳಿನ ಬಾಯಿ ನೋಡಿದೆ, ಸ್ವಚ್ಛವಾಗಿತ್ತು. ತಟ್ಟೆ ತಿರುಗುತ್ತಿತ್ತು. ಪೈಪು ಬಿಚ್ಚಿ ಬಿಸಿಲಿಗೆ ಹಿಡಿದರೆ ಬೆಳಕು ಆಚೆ ಕಡೆ ಬರಲಿಲ್ಲ. ತಂತಿ ತೂರಿಸಿ ತಳ್ಳಿದಾಗ ಒಣಗಿದ ಮಣ್ಣಿನ ಒಂದು ಉಂಡೆ ಕೆಳಗೆ ಬಿತ್ತು. ಕೈಯಲ್ಲಿ ಪುಡಿಮಾಡಿ ನೋಡಿದೆ. ಒಳಗೆ ಪುಟ್ಟ ಪುಟ್ಟ ಕೋಣೆಗಳು, ಪ್ರತಿ ಕೋಣೆಯಲ್ಲೂ ಒಣಗಿದ ಜೇಡ. ಯಂತ್ರ ಸುಮ್ನೆ ನಿಂತಿದ್ದ ತಿಂಗಳುಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ಪೈಪಿನೊಳಗೆ ಮನೆ ಮಾಡಿತ್ತು. ಪೈಪನ್ನು ಹೊರಗಿನಿಂದ ಎಷ್ಟು ತಟ್ಟಿದ್ದರೂ ಅದು ಉದುರುತ್ತಿರಲಿಲ್ಲ. ಅಂದಿನಿಂದ ಬಿತ್ತನೆಗೆ ಮೊದಲು ಪ್ರತಿ ಪೈಪನ್ನೂ ಬೆಳಕಿಗೆ ಹಿಡಿದೇ ಜೋಡಿಸುತ್ತೇನೆ.

ಸಾಲಿನಲ್ಲಿ ಸಂದಿಲ್ಲ, ಗಿಡವೇ ವಿರಳ

ಅಂತರ ಸಮವಾಗಿದೆ, ಆದರೆ 25 ಸೆಂ.ಮೀ. ಬದಲು 28, 30 ಬಂದಿದೆ. ಎಲ್ಲ ಸಾಲುಗಳೂ ಹಾಗೇ. ಇದು ಚಕ್ರ ಜಾರುವ ಗುರುತು. ಯಂತ್ರ ಮುಂದೆ ಹೋಗುತ್ತದೆ, ಚಕ್ರ ಅಷ್ಟು ತಿರುಗುವುದಿಲ್ಲ. ತಿರುಗದಿದ್ದರೆ ಬೀಜವೂ ಇಲ್ಲ.

ಪರೀಕ್ಷೆ ಹೀಗೆ. ಚಕ್ರದ ಒಂದು ಕಡ್ಡಿಗೆ ಬಟ್ಟೆ ಕಟ್ಟಿ. ಪೆಟ್ಟಿಗೆಯಲ್ಲಿ ಬೀಜ ತುಂಬಿ, ತಾಳು ನೆಲಕ್ಕಿಳಿಸಿ, ಬಿತ್ತುವ ವೇಗದಲ್ಲೇ ನಡೆಸಿ. ಬಟ್ಟೆ 20 ಸುತ್ತು ಬರುವಷ್ಟರಲ್ಲಿ ಎಷ್ಟು ದೂರ ಸಾಗಿದ್ದೀರಿ ಎಂದು ಅಳೆಯಿರಿ. ನಮ್ಮ ಲೆಕ್ಕದ ಚಕ್ರವಾದರೆ 25 ಮೀಟರ್ ಬರಬೇಕು. 27.5 ಬಂದರೆ ದೂರ ನೂರಕ್ಕೆ 10ರಷ್ಟು ಹಿಗ್ಗಿದೆ, ಬೀಜದ ಅಂತರವೂ ಅಷ್ಟೇ ಹಿಗ್ಗಿ 27.5 ಸೆಂ.ಮೀ. ಆಗಿದೆ.

ಸ್ವಲ್ಪ ಜಾರುವುದು ಎಲ್ಲ ಯಂತ್ರದಲ್ಲೂ ಇದ್ದದ್ದೇ. ಹದ ಮಾಡಿದ ಸಡಿಲ ಮಣ್ಣಿನಲ್ಲಿ ಜಾಸ್ತಿ. ಜಾರುವುದು ಇದ್ದಕ್ಕಿದ್ದಂತೆ ಹೆಚ್ಚಾದರೆ ಚಕ್ರಕ್ಕೆ ಮಣ್ಣು ಮೆತ್ತಿದೆಯೇ ನೋಡಿ. ಇದರಲ್ಲಿ ಎರಡು ಪೆಟ್ಟು ಇವೆ. ಮುಳ್ಳುಗಳ ನಡುವೆ ಮಣ್ಣು ತುಂಬಿ ಹಿಡಿತ ತಪ್ಪುತ್ತದೆ. ಸಾಲದ್ದಕ್ಕೆ ಚಕ್ರವೇ ದಪ್ಪವಾಗುತ್ತದೆ. 40 ಸೆಂ.ಮೀ. ಚಕ್ರಕ್ಕೆ ಸುತ್ತಲೂ 2 ಸೆಂ.ಮೀ. ಮಣ್ಣು ಕೂತರೆ ಅದು 44 ಸೆಂ.ಮೀ. ಚಕ್ರ. ಅಷ್ಟೇ ದೂರಕ್ಕೆ ಕಮ್ಮಿ ಸುತ್ತು. ಚಕ್ರದ ಹಿಂದೆ ಮಣ್ಣು ಕೆರೆಯುವ ಪಟ್ಟಿ ಇರುತ್ತದೆ, ಸವೆದು ದೂರ ಸರಿದಿದ್ದರೆ ಹತ್ತಿರಕ್ಕೆ ತನ್ನಿ. ಮಣ್ಣು ಅಂಟುವಷ್ಟು ಹಸಿ ಇದ್ದರೆ ಅರ್ಧ ದಿನ ಕಾಯುವುದೇ ಲೇಸು.

ಇನ್ನೊಂದು ಕಾರಣ ಭಾರ. ಪೆಟ್ಟಿಗೆ ಖಾಲಿಯಾಗುತ್ತಾ ಬಂದಂತೆ ಯಂತ್ರ ಹಗುರಾಗುತ್ತದೆ, ಚಕ್ರ ನೆಲ ಕಚ್ಚುವುದಿಲ್ಲ. ಕೈಯಲ್ಲಿ ತಳ್ಳುವ ಯಂತ್ರದಲ್ಲಿ ಇದು ಬೇಗ ಕಾಣುತ್ತದೆ. ಕಾಲು ಭಾಗ ಉಳಿದಾಗಲೇ ಮತ್ತೆ ತುಂಬಿಕೊಳ್ಳಿ. ಚಕ್ರವನ್ನು ಒತ್ತುವ ಸ್ಪ್ರಿಂಗ್ ಇದ್ದರೆ ಅದರ ಬಿಗಿಯನ್ನೂ ನೋಡಿ. ಎಲ್ಲ ಮಾಡಿದ ಮೇಲೂ ಹಿಗ್ಗು ಉಳಿದರೆ ಸ್ಪ್ರಾಕೆಟ್ ಬದಲಿಸಬಹುದು. 20 ಹಲ್ಲಿನ ಜಾಗಕ್ಕೆ 18 ಹಾಕಿದರೆ ಅಂತರ ಮತ್ತೆ 25 ಸೆಂ.ಮೀ. ಹತ್ತಿರಕ್ಕೆ ಬರುತ್ತದೆ.

ಬೀಜಕ್ಕೂ ಗುಳಿಗೂ ಹೊಂದಾಣಿಕೆ

ಮೇಲೆ ಹೇಳಿದ ಲೆಕ್ಕವಿಲ್ಲದ ಸಂದಿಗೆ ಹೆಚ್ಚಿನ ಸಲ ಕಾರಣ ಇದೇ. ಒಂದು ಹಿಡಿ ಬೀಜ ತೆಗೆದುಕೊಂಡು ತಟ್ಟೆಯ ಮುಂದೆ ಕೂರಿ. ಒಂದೊಂದು ಗುಳಿಗೂ ಕೈಯಿಂದ ಒಂದೊಂದು ಬೀಜ ಇಟ್ಟು ನೋಡಿ. ಬೀಜ ಗುಳಿಯಲ್ಲಿ ಸಲೀಸಾಗಿ ಮಲಗಬೇಕು, ಬೆರಳಿನಿಂದ ತಳ್ಳಿದರೆ ಸ್ವಲ್ಪ ಅಲುಗಾಡಬೇಕು. ಆದರೆ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇರಬಾರದು. ಬೀಜ ಅಂಚಿನ ಮೇಲೆಯೇ ನಿಂತರೆ ಸಂದು ಬೀಳುತ್ತದೆ. ಎರಡು ಕೂತರೆ ಜೋಡಿ ಗಿಡ ಏಳುತ್ತದೆ. ಮೆಕ್ಕೆಜೋಳದ ಒಂದೇ ಚೀಲದಲ್ಲಿ ಚಪ್ಪಟೆ ಬೀಜವೂ ಇರುತ್ತದೆ, ದುಂಡನೆಯದೂ ಇರುತ್ತದೆ. ಜರಡಿ ಹಿಡಿದು ಬೇರೆ ಮಾಡಿ, ಒಂದೊಂದಕ್ಕೆ ಒಪ್ಪುವ ತಟ್ಟೆ ಹಾಕಿ ಬಿತ್ತಿದರೆ ಸಾಲು ತಾನಾಗಿಯೇ ಸರಿಹೋಗುತ್ತದೆ. ಇದನ್ನು ಬಿಟ್ಟು ಯಂತ್ರ ಸರಿ ಇಲ್ಲ ಎಂದು ವಾಪಸು ಮಾಡಲು ಹೊರಡುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಗುಳಿ ಸರಿ ಇದ್ದೂ ಜೋಡಿ ಬೀಜ ಬೀಳುತ್ತಿದ್ದರೆ ಕುಚ್ಚು ನೋಡಿ. ಗುಳಿಯ ಮೇಲೆ ಕೂತ ಹೆಚ್ಚುವರಿ ಬೀಜವನ್ನು ಗುಡಿಸಿ ಹಾಕುವ ಸಣ್ಣ ಬ್ರಷ್ಷು ಅದು. ಎಲ್ಲ ಯಂತ್ರದಲ್ಲಿ ಇರುವುದಿಲ್ಲ. ಇದ್ದಲ್ಲಿ ಅದರ ಎಳೆಗಳು ಸವೆದು ಒಂದು ಕಡೆಗೆ ಮಲಗಿಬಿಟ್ಟಿರುತ್ತವೆ. ಬದಲಿಸಲು ಹತ್ತು ನಿಮಿಷ ಸಾಕು.

ಬೀಜೋಪಚಾರ ಮಾಡಿದ ಬೀಜ ನೆರಳಿನಲ್ಲಿ ಪೂರ್ತಿ ಒಣಗಿರಬೇಕು. ಹಸಿ ಬೀಜ ಪೆಟ್ಟಿಗೆಯಲ್ಲಿ ಕಮಾನಿನ ಹಾಗೆ ಕಟ್ಟಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ತುಂಬಿದೆ, ಕೆಳಗೆ ಟೊಳ್ಳು. ಪೆಟ್ಟಿಗೆಯ ಬದಿಗೆ ತಟ್ಟಿದಾಗ ಬೀಜ ದಬಕ್ಕನೆ ಕುಸಿದರೆ ಇದೇ ರೋಗ. ಬೀಜಕ್ಕೆ ಸ್ವಲ್ಪ ಟಾಲ್ಕ್ ಪುಡಿಯೋ ಗ್ರ್ಯಾಫೈಟ್ ಪುಡಿಯೋ ಬೆರೆಸಿದರೆ ಜಾರಿ ಇಳಿಯುತ್ತದೆ. ಉಪಚಾರ ಮಾಡಿದ ಬೀಜ ವಿಷ, ಕೈಗವಸು ಇಲ್ಲದೆ ಮುಟ್ಟಬೇಡಿ.

ವೇಗವೂ ಮುಖ್ಯ. ತಟ್ಟೆ ಜೋರಾಗಿ ತಿರುಗಿದರೆ ಗುಳಿಗೆ ಬೀಜ ಕೂರಲು ಪುರುಸೊತ್ತೇ ಇರುವುದಿಲ್ಲ. ಗಂಟೆಗೆ 3ರಿಂದ 4 ಕಿ.ಮೀ., ಅಂದರೆ ಮನುಷ್ಯ ಸಾವಕಾಶವಾಗಿ ನಡೆಯುವ ವೇಗ. ಟ್ರ್ಯಾಕ್ಟರ್ ಜೊತೆ ನಡೆದು ನೋಡಿ. ನೀವು ಓಡಬೇಕಾಗಿ ಬಂದರೆ ಅದು ಬಿತ್ತುವ ವೇಗವಲ್ಲ.

ಬೀಜ ಒಡೆಯುತ್ತಿದ್ದರೆ

ಯಂತ್ರಕ್ಕೆ ಹಾಕುವ ಮೊದಲು 100 ಬೀಜ ಎಣಿಸಿ ಒಡೆದವು ಎಷ್ಟು ನೋಡಿ. ಪೈಪಿನಿಂದ ಬಿದ್ದ 100ರಲ್ಲೂ ಎಣಿಸಿ. ಮೊದಲು 2, ಆಮೇಲೆ 7 ಆದರೆ ಯಂತ್ರ ಒಡೆದದ್ದು 5. ಗೀರು ಗೀರಿನ ಉರುಳೆ ಇರುವ ಯಂತ್ರ ಗೋಧಿ, ಭತ್ತಕ್ಕೆ ಚೆನ್ನ. ಶೇಂಗಾದಂಥ ದಪ್ಪ, ಮೆದು ಬೀಜವನ್ನು ಅದರಲ್ಲಿ ಹಾಕಿದರೆ ಜಜ್ಜಿಹೋಗುತ್ತದೆ. ಅದಕ್ಕೆ ಓರೆಯಾಗಿ ತಿರುಗುವ ತಟ್ಟೆಯೇ ಬೇಕು. ಉರುಳೆಯ ಕೆಳಗಿನ ಬಾಗಿಲು ತೀರ ಬಿಗಿಯಾಗಿದ್ದರೂ ಒಡೆಯುತ್ತದೆ.

ಆಳ

ಬೀಜ ಬಿದ್ದಿದೆ, ಆದರೆ ಒಂದು ಸಾಲು ಬೇಗ ಎದ್ದು ಇನ್ನೊಂದು ತಡವಾದರೆ ಆಳ ಸಮ ಇಲ್ಲ. ಯಂತ್ರವನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ ತಾಳುಗಳ ತುದಿ ಅಳೆಯಿರಿ. ಒಂದು ಸವೆದು ಎರಡು ಸೆಂ.ಮೀ. ಗಿಡ್ಡವಾಗಿರುವುದು ಮಾಮೂಲಿ. ಟ್ರ್ಯಾಕ್ಟರಿಗೆ ಕಟ್ಟಿದ್ದರೆ ಹಿಂದಿನಿಂದ ನಿಂತು ಚೌಕಟ್ಟು ಒಂದು ಕಡೆ ವಾಲಿದೆಯೇ ನೋಡಿ, ಪಕ್ಕದಿಂದ ನಿಂತು ಮೂಗು ಕೆಳಗೆ ಮಾಡಿದೆಯೇ ನೋಡಿ. ಟ್ರ್ಯಾಕ್ಟರಿಗೂ ಯಂತ್ರಕ್ಕೂ ನಡುವೆ ಮೇಲ್ಗಡೆ ಇರುವ ಟಾಪ್ ಲಿಂಕ್ ದಂಡವನ್ನು ತಿರುಗಿಸಿದರೆ ಮುಂದೆ ಹಿಂದೆ ಸರಿಯಾಗುತ್ತದೆ. ತಾಳು ಬದಲಿಸಲು ಕೆಳಗೆ ಬಗ್ಗುವ ಮೊದಲು ಎಂಜಿನ್ ನಿಲ್ಲಿಸಿ, ಚೌಕಟ್ಟಿಗೆ ಮರದ ದಿಮ್ಮಿ ಕೊಡಿ. ಹೈಡ್ರಾಲಿಕ್ ಮೇಲೆ ಮಾತ್ರ ನೇತಾಡುತ್ತಿರುವ ಯಂತ್ರದ ಕೆಳಗೆ ಕೈ ಹಾಕಬಾರದು.

ಮೆಕ್ಕೆಜೋಳಕ್ಕೆ 4ರಿಂದ 5 ಸೆಂ.ಮೀ. ಆಳ ಸಾಕು, ರಾಗಿಯಂಥ ಸಣ್ಣ ಕಾಳಿಗೆ 2ರಿಂದ 3. ಹೆಂಟೆ ಇರುವ ಹೊಲದಲ್ಲಿ ಯಾವ ಯಂತ್ರಕ್ಕೂ ಸಮ ಆಳ ಬಾರದು, ಅಲ್ಲಿ ಮೊದಲು ಹೆಂಟೆ ಒಡೆಯಬೇಕು. ತಾಳಿಗೆ ಕೂಳೆ, ಕಸ ಸಿಕ್ಕಿಕೊಂಡರೆ ಆ ಸಾಲು ತೇಲುತ್ತದೆ.

ಗೊಬ್ಬರದ ಪೆಟ್ಟಿಗೆ

ಗೊಬ್ಬರ ಗಾಳಿಯ ತೇವ ಕುಡಿದು ಕಲ್ಲಾಗುತ್ತದೆ. ರಾತ್ರಿ ಪೆಟ್ಟಿಗೆಯಲ್ಲಿ ಬಿಡಬೇಡಿ. ಸಾಲಿನಲ್ಲಿ ಮೊಳಕೆಯ ತುದಿ ಸುಟ್ಟು ಕಂದಿದ್ದರೆ ಗೊಬ್ಬರ ಬೀಜದ ಮೇಲೆಯೇ ಬಿದ್ದಿದೆ. ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಬೀಳುವಂತೆ ಅದರ ತಾಳನ್ನು ಹೊಂದಿಸಿ.

ದುರಸ್ತಿ ಆದ ಮೇಲೆ

ನೇರ ಹೊಲಕ್ಕೆ ಇಳಿಸಬೇಡಿ. ಯಂತ್ರ ಎತ್ತಿ ನಿಲ್ಲಿಸಿ, ಪ್ರತಿ ಪೈಪಿಗೂ ಒಂದು ಚೀಲ ಕಟ್ಟಿ, ಚಕ್ರವನ್ನು ನಡೆಯುವ ವೇಗದಲ್ಲಿ 20 ಸುತ್ತು ತಿರುಗಿಸಿ. ನಮ್ಮ ಲೆಕ್ಕದ ಯಂತ್ರದಲ್ಲಿ ಪ್ರತಿ ಚೀಲಕ್ಕೆ 100 ಬೀಜ ಬರಬೇಕು. ಒಂದರಲ್ಲಿ 90 ಬಂದರೆ ಒಂದು ಗುಳಿ ಇನ್ನೂ ಕಟ್ಟಿದೆ ಎಂದೇ ಅರ್ಥ. 112 ಬಂದರೆ ಜೋಡಿ ಬೀಳುತ್ತಿದೆ. ಉರುಳೆಯ ಯಂತ್ರವಾದರೆ ಎಣಿಸುವ ಬದಲು ತೂಗಿ. ಎರಡು ಸಾಲಿನ ನಡುವೆ 60 ಸೆಂ.ಮೀ. ಇದ್ದರೆ 25 ಮೀಟರಿಗೆ ಒಂದು ಸಾಲಿನ ಪಾಲು 15 ಚದರ ಮೀಟರ್. ಹೆಕ್ಟೇರಿಗೆ 20 ಕೆ.ಜಿ. ಬೇಕಾದರೆ ಒಂದು ಚೀಲದಲ್ಲಿ 30 ಗ್ರಾಂ ಇರಬೇಕು.

ಸಂದು ಬಿದ್ದ ಸಾಲಿಗೆ ಕೈಯಿಂದ ಬೀಜ ಊರುವುದಾದರೆ ತಡ ಮಾಡಬೇಡಿ. ತಡವಾಗಿ ಊರಿದ ಗಿಡ ಅಕ್ಕಪಕ್ಕದವುಗಳ ನೆರಳಿನಲ್ಲೇ ಉಳಿದುಬಿಡುತ್ತದೆ.

ಬಿತ್ತನೆ ಮುಗಿದ ಸಂಜೆ ಪೆಟ್ಟಿಗೆ ಖಾಲಿ ಮಾಡಿ ಗುಡಿಸಿ, ಗೊಬ್ಬರದ ಕಡೆ ನೀರಿನಿಂದ ತೊಳೆದು ಒಣಗಿಸಿ, ಚೈನಿಗೆ ಎಣ್ಣೆ ಬಿಡಿ. ಉಳಿದ ಬೀಜಕ್ಕೆ ಇಲಿ ಬರುತ್ತದೆ, ಬಂದ ಇಲಿ ಪೈಪನ್ನೂ ಕಡಿಯುತ್ತದೆ. ಕೊನೆಗೆ ಪ್ರತಿ ಪೈಪಿನ ಎರಡೂ ಬಾಯಿಗೆ ಬಟ್ಟೆ ತುರುಕಿ. ಬಟ್ಟೆ ಕೆಂಪಗಿರಲಿ, ಒಂದು ಗೇಣು ಹೊರಗೆ ನೇತಾಡುತ್ತಿರಲಿ. ಮುಂದಿನ ಬಿತ್ತನೆಯ ಗಡಿಬಿಡಿಯಲ್ಲಿ ತೆಗೆಯುವುದು ಮರೆಯಬಾರದಲ್ಲ.